ಮಕ್ಕಳನ್ನು ಒಮ್ಮೆ ತಾಲೀಮಿಗೆ ಕಳಿಸಿ ನೋಡಿ

"ಈಗಿನ ಮಕ್ಕಳಿಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲ ಕಣ್ರೀ!"

ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ? ಬಸ್ಸಿಗೆ ಕಾಯುವಾಗ, ಮದುವೆಮನೆಯಲ್ಲಿ ತರಕಾರಿ ಹೆಚ್ಚುವಾಗ, ಸಂಘದ ಸಭೆಯಲ್ಲಿ, ಎಲ್ಲಿ ನಾಲ್ಕು ಜನ ತಾಯಂದಿರು ಸೇರಿದರೂ ಇದೇ ಮಾತು. ಮೊಬೈಲು ಹಿಡಿದು ಕೂತರೆ ಊಟದ ಪರಿವೆ ಇಲ್ಲ, ಕರೆದರೆ ಕಿವಿ ಇಲ್ಲ. ನಾನೂ ಇದನ್ನೇ ಹೇಳುತ್ತಿದ್ದವಳು, ಸೋದರಿಯರೇ. ಹೋದ ವರ್ಷದವರೆಗೂ ಹೇಳುತ್ತಿದ್ದೆ. ಈಗ ಹೇಳುವುದಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ. ಯಾಕೆ ಅಂತ ನಿಮಗೆ ಹೇಳಬೇಕು.

ನಮ್ಮದು ಗುಡವಿ. ಸೊರಬದಿಂದ 15-16 ಕಿಲೋಮೀಟರು. ಹಕ್ಕಿಗಳ ಕೆರೆ ಅಂದರೆ ನಿಮ್ಮಲ್ಲಿ ಕೆಲವರಿಗೆ ನೆನಪಾದೀತು. ಮಳೆಗಾಲ ಹಿಡಿಯಿತೆಂದರೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ಬಂದು ಕೆರೆಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹೊರಗಿನವರು ಕಾರು ಮಾಡಿಕೊಂಡು ನೋಡೋಕೆ ಬರ್ತಾರೆ. ನಮಗೆ ಅದು ದಿನಾ ಕೇಳುವ ಗಲಾಟೆ ಅಷ್ಟೆ.

ನಾನು ಓಡಿದ್ದು, ನಿಂತಿದ್ದು

ಹೈಸ್ಕೂಲಿನಲ್ಲಿ ನಾನು ಖೋ-ಖೋ ಆಡುತ್ತಿದ್ದೆ. ಬಡವರ ಆಟ ಅದು. ಎರಡು ಕಂಬ ನೆಟ್ಟರೆ ಮುಗೀತು, ಚೆಂಡು ಬೇಡ, ಬ್ಯಾಟು ಬೇಡ. ಎಂಟು ಜನ ಸಾಲಾಗಿ ಕೂತಿರಬೇಕು, ಒಬ್ಬಳು ಅಟ್ಟಿಸಿಕೊಂಡು ಓಡಬೇಕು, ಬೆನ್ನು ಮುಟ್ಟಿ "ಖೋ" ಅಂದ ಕೂಡಲೇ ಇನ್ನೊಬ್ಬಳು ಏಳಬೇಕು. ಒಬ್ಬಳೇ ಎಷ್ಟು ಜೋರಾಗಿ ಓಡಿದರೂ ಗೆಲ್ಲೋಕಾಗಲ್ಲ. ತಾಲೂಕು ಪಂದ್ಯಕ್ಕೆ ನಮ್ಮ ತಂಡ ಆಯ್ಕೆಯಾದಾಗ ಮನೆಯಲ್ಲಿ ಹೇಳಿದೆ. "ದೊಡ್ಡವಳಾದ ಹುಡುಗಿ ಪರಊರಿಗೆ ಹೋಗಿ ಓಡೋದು ಎಂಥದು ಮಾರಾಯ್ತಿ?" ಎಂದರು ಹಿರಿಯರು. ಅಲ್ಲಿಗೆ ಮುಗಿಯಿತು. ಯಾರನ್ನೂ ದೂರುತ್ತಿಲ್ಲ, ಆಗಿನ ಕಾಲ ಹಾಗಿತ್ತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ಕರ್ನಾಟಕದವಳೂ ಇದ್ದಳು: ಮೈಸೂರು ಜಿಲ್ಲೆ ಟಿ. ನರಸೀಪುರ ತಾಲೂಕು ಕುರುಬೂರಿನ ಬಿ. ಚೈತ್ರಾ. ದೊಡ್ಡ ಪಟ್ಟಣದ ಹುಡುಗಿಯಲ್ಲ, ಹಳ್ಳಿಯ ಮೈದಾನದಲ್ಲಿ ಆಡಿ ಬೆಳೆದವಳು. ಟಿ.ವಿ. ಮುಂದೆ ನಿಂತವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಅವಳ ಹಳ್ಳಿಯಲ್ಲಿ ಯಾರೋ ಒಬ್ಬ ತಾಯಿ "ಹೋಗು" ಅಂದಿರಬೇಕಲ್ಲವೇ ಎಂದು ಆ ರಾತ್ರಿಯೆಲ್ಲ ಯೋಚನೆ.

ಆ ಬೇಸಿಗೆಯಲ್ಲೇ ನನ್ನ ಪರೀಕ್ಷೆ ಬಂತು. ಹೆಗ್ಗೋಡಿನಲ್ಲಿ ಕಲಿತು ಬಂದ ಪಕ್ಕದೂರಿನ ಹುಡುಗನೊಬ್ಬ ನಮ್ಮೂರ ಮಕ್ಕಳನ್ನು ಸೇರಿಸಿ ನಾಟಕ ಕಟ್ಟುತ್ತೇನೆಂದು ಮನೆ ಮನೆಗೆ ಬಂದ. ಹತ್ತನೇ ಕ್ಲಾಸು ಮುಗಿಸಿದ್ದ ನನ್ನ ಮಗಳು ಬಾಗಿಲ ಸಂದಿಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೆಯವರು ಅಡಿಕೆ ಸುಲಿಯುತ್ತಿದ್ದವರು ಕತ್ತಿ ಕೆಳಗಿಟ್ಟು, "ಹೆಣ್ಣುಹುಡುಗಿ ಸ್ಟೇಜು ಹತ್ತೋದಾ? ನಾಳೆ ಗಂಡು ಕೇಳೋಕೆ ಬಂದವರು ಏನಂತಾರೆ?" ಅಂದರು. ಯಜಮಾನರು ಎಂದಿನಂತೆ ಮೌನ. ನನ್ನ ಬಾಯಲ್ಲೂ "ಬೇಡ" ಎಂಬ ಮಾತು ಬಂದೇ ಬಿಟ್ಟಿತ್ತು, ಸೋದರಿಯರೇ. ಮೂವತ್ತು ವರ್ಷದ ಹಿಂದೆ ನಾನು ಕೇಳಿದ ಅದೇ ಮಾತು. ಅದನ್ನು ನುಂಗಿಕೊಂಡು, "ಕಳಿಸ್ತೀನಿ, ಆದರೆ ನಾನೂ ಜೊತೆಗೆ ಬರ್ತೀನಿ" ಅಂದೆ.

ಹೆಗ್ಗೋಡಿನವರು ಮಾಡಿದ್ದೇನು?

ಇಲ್ಲಿ ಹೆಗ್ಗೋಡಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಪಕ್ಕದ ಸಾಗರ ತಾಲೂಕಿನ ಸಣ್ಣ ಊರು ಅದು. ಸುತ್ತಲೂ ಅಡಿಕೆ ತೋಟ. 1949ರಲ್ಲಿ ಊರಿನ ಕೆಲವು ಯುವಕರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿದರು. ಅದನ್ನೇ ಈಗ ಎಲ್ಲರೂ 'ನೀನಾಸಂ' ಅನ್ನುವುದು. ಕೆ. ವಿ. ಸುಬ್ಬಣ್ಣನವರು ಅದರ ಬೆನ್ನೆಲುಬು. ಅವರೂ ತೋಟದ ಮನೆಯವರೇ. ಹಗಲು ತೋಟದ ಕೆಲಸ, ರಾತ್ರಿ ನಾಟಕದ ತಾಲೀಮು, ಹೀಗೆ ಶುರುವಾದದ್ದು.

1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ಚಿತ್ರಸಮಾಜ ಮಾಡಿ, ಪೇಟೆಯವರೇ ನೋಡದಂಥ ಹೊರದೇಶದ ಒಳ್ಳೊಳ್ಳೆ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸತೊಡಗಿದರು. 1980ರಲ್ಲಿ ನಾಟಕ ಕಲಿಸುವ ಶಾಲೆ ಶುರುವಾಯಿತು. 1985ರಲ್ಲಿ 'ತಿರುಗಾಟ' ಹೊರಟಿತು. ನಟರು, ದೀಪ, ಪರದೆ, ಉಡುಪು ಎಲ್ಲವನ್ನೂ ವಾಹನಕ್ಕೆ ಹೇರಿಕೊಂಡು ಊರಿಂದ ಊರಿಗೆ ನಾಟಕ ಒಯ್ಯುವ ತಂಡ ಅದು. ಸಿನಿಮಾದಲ್ಲಿ ನೀವು ನೋಡುವ ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಇವರೆಲ್ಲ ಹೆಗ್ಗೋಡಿನ ಆ ಶಾಲೆಯಲ್ಲಿ ಕಲಿತವರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು 2005ರಲ್ಲಿ ತೀರಿಕೊಂಡರು, ಆದರೆ ಕೆಲಸ ನಿಲ್ಲಲಿಲ್ಲ. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಪ್ರಶಸ್ತಿಯನ್ನಲ್ಲ, ಈ ನಿಲ್ಲದಿರುವಿಕೆಯನ್ನು. ಊರಿನವರೇ ನಟರು, ಊರಿನವರೇ ಪ್ರೇಕ್ಷಕರು, ಕುರ್ಚಿ ಹಾಕುವವರೂ ಅವರೇ. ಹಾಗಾಗಿ ಒಬ್ಬರು ಹೋದರೆ ಇನ್ನೊಬ್ಬರು ಬಂದು ಹೆಗಲು ಕೊಡ್ತಾರೆ.

ಕಾಡಿನ ಮಕ್ಕಳು ಕಲಿಸಿದ ಪಾಠ

ಇನ್ನೊಂದು ಉದಾಹರಣೆ ನಮ್ಮ ನೆರೆಯ ಉತ್ತರ ಕನ್ನಡದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಜನಾಂಗದ ಹೆಸರು ಕೇಳಿರಬಹುದು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. 1980ರ ದಶಕದಲ್ಲಿ ನೀನಾಸಂನವರು ಮಂಚೀಕೇರಿಯ ಸಿದ್ದಿಗಳ ಜೊತೆ ನಾಟಕ ಕಟ್ಟಿದರು. ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ, ನಿರ್ದೇಶಕರು ಚಿದಂಬರ ರಾವ್ ಜಂಬೆ. ಅದುವರೆಗೆ ಊರಿನ ಅಂಚಿನಲ್ಲಿದ್ದವರು ಊರಿನ ನಡುವೆ ನಿಂತು ಮಾತಾಡಿದರು. ಮುಂದೆ ಸಿದ್ದಿ ಹುಡುಗ ಹುಡುಗಿಯರು ಹೆಗ್ಗೋಡಿಗೇ ಹೋಗಿ ನಾಟಕ ಕಲಿತರು.

ಅದೇ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತದ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥವರು ಹರ್ಡಲ್ಸ್ ಓಟದಲ್ಲಿ ದೇಶವನ್ನೇ ಪ್ರತಿನಿಧಿಸಿದರು. ಆದರೆ 1990ರ ದಶಕದಲ್ಲಿ ಆ ಯೋಜನೆ ನಿಂತುಹೋಯಿತು. ನಡುವೆಯೇ ಕೈಬಿಟ್ಟ ಮಕ್ಕಳು ಮನೆಗೆ ಮರಳಿದರು. ಎಷ್ಟೋ ವರ್ಷಗಳ ನಂತರ ಮುಂಡಗೋಡಿನಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮತ್ತೆ ಅಲ್ಲಿಯ ಮಕ್ಕಳಿಗೆ ಓಟ ಕಲಿಸತೊಡಗಿತು. ಈ ಸಲ ಮಕ್ಕಳು ಇರುವ ಕಡೆಗೇ ತರಬೇತಿ ಬಂತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಕ್ಕಳಲ್ಲಿ ಆಸಕ್ತಿಗೆ ಕೊರತೆ ಇರಲಿಲ್ಲ. ಶುರುಮಾಡುವುದು ಸುಲಭ, ವರ್ಷ ವರ್ಷ ನಡೆಸುವುದು ಕಷ್ಟ. ನಮ್ಮ ಕೆರೆಯೂ ಹಾಗೆಯೇ. ನೀರು ನಿಂತ ವರ್ಷ ಹಕ್ಕಿ ತಾನಾಗಿ ಬರುತ್ತದೆ, ಕರೆಯೋಕೆ ಯಾರೂ ಹೋಗಬೇಕಿಲ್ಲ. ಕೆರೆ ಬತ್ತಿದ ಮೇಲೆ "ಹಕ್ಕಿಗಳಿಗೆ ನಮ್ಮೂರ ಮೇಲೆ ಆಸಕ್ತಿಯಿಲ್ಲ" ಅಂದರೆ ಯಾರು ಒಪ್ತಾರೆ?

ಶಾಲೆಯ ಜಗಲಿಯ ಮೇಲೆ

ನಮ್ಮೂರ ತಾಲೀಮಿಗೆ ಬರುತ್ತೇನೆ. ಶಾಲೆಯ ಜಗಲಿಯ ಮೇಲೆ ಸಂಜೆ ಆರರಿಂದ ಎಂಟೂವರೆ. ಮೊದಲ ದಿನ ಏಳು ಮಕ್ಕಳು, ವಾರದ ಹೊತ್ತಿಗೆ ಇಪ್ಪತ್ತೆರಡು. ಎಲ್ಲರಿಗೂ ಪಾತ್ರ ಎಲ್ಲಿಂದ ಬರಬೇಕು? ಆ ಹುಡುಗ ಜಾಣ. ಒಬ್ಬನಿಗೆ ದೀಪ, ಒಬ್ಬಳಿಗೆ ಉಡುಪು, ಇಬ್ಬರಿಗೆ ಡೋಲು, ಯಾರನ್ನೂ ಸುಮ್ಮನೆ ಕೂರಿಸಲಿಲ್ಲ. ಪರೀಕ್ಷೆಯಲ್ಲಿ ಫೇಲಾಗಿ ಮೂರು ತಿಂಗಳಿಂದ ಯಾರ ಹತ್ತಿರವೂ ಮಾತಾಡದಿದ್ದ ಹುಡುಗನೊಬ್ಬ ವೈರು, ಬಲ್ಬುಗಳ ಜವಾಬ್ದಾರಿ ಹೊತ್ತ. ಹದಿನೈದೇ ದಿನಕ್ಕೆ ಅವನು ಉಳಿದವರಿಗೆ ಗದರುವಂತಾದ! ಮೊಬೈಲು ಎಲ್ಲಿ ಹೋಯಿತು ಅಂತ ಕೇಳ್ತೀರಾ? ಚೀಲದಲ್ಲೇ ಇತ್ತು. ನೋಡೋಕೆ ಪುರುಸೊತ್ತಿರಲಿಲ್ಲ ಅಷ್ಟೆ.

ಪರದೆಗೆ ಏನು ಮಾಡುವುದೆಂಬ ಪ್ರಶ್ನೆ ಬಂತು. ನಮ್ಮ ಸೊರಬ-ಸಾಗರ ಸೀಮೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಪದ್ಧತಿ ನಿಮಗೆ ಗೊತ್ತಿರಬಹುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಅಕ್ಕಿ ಸುಟ್ಟ ಕಪ್ಪು, ಪುಂಡಿನಾರಿನ ಕುಂಚ. ಕೇರಿಯ ಅಜ್ಜಿಯೊಬ್ಬರನ್ನು ಮಕ್ಕಳೇ ಕೈಹಿಡಿದು ಕರೆತಂದರು. ಅಜ್ಜಿ ಹಳೆಯ ಬಟ್ಟೆಯ ಮೇಲೆ ಗೆರೆ ಎಳೆದು ತೋರಿಸಿದರು, ಹುಡುಗಿಯರು ತುಂಬಿಸಿದರು. ಮದುವೆಗೆ ಮಾತ್ರ ನೆನಪಾಗುತ್ತಿದ್ದ ಅಜ್ಜಿಗೆ ಆ ತಿಂಗಳು ದಿನಾ ಕೆಲಸ.

ನಾವು ತಾಯಂದಿರು ಸರದಿ ಹಾಕಿಕೊಂಡೆವು. ಒಬ್ಬೊಬ್ಬರು ಒಂದೊಂದು ದಿನ ಅಲ್ಲಿ ಇರುವುದು, ಮಂಡಕ್ಕಿ ಉಸುಳಿಯೋ ಅವಲಕ್ಕಿಯೋ ಮಾಡಿಕೊಂಡು ಹೋಗುವುದು, ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಮನೆಗೆ ಮುಟ್ಟಿಸುವುದು. ಹೀಗೆ ಮಾಡಿದ ಮೇಲೆ ಬೇಡ ಅಂದಿದ್ದ ಮೂರು ಮನೆಯವರೂ ಕಳಿಸಿದರು. ಅವರ ಭಯ ನಾಟಕದ್ದಲ್ಲ, ಕತ್ತಲೆ ದಾರಿಯದ್ದು. ಅದನ್ನು ಯಾರೂ ಕೇಳಿರಲಿಲ್ಲ.

ನಾಟಕದ ದಿನ ಸಂಜೆ ಮಳೆ. ಅರ್ಧ ನಾಟಕಕ್ಕೆ ಕರೆಂಟೂ ಹೋಯಿತು. ನನ್ನ ಮಗಳು ಕತ್ತಲೆಯಲ್ಲಿ ಮಾತು ಮರೆತು ನಿಂತಳು. ನನ್ನ ಎದೆ ಡವಡವ. ಆಗ ಆ ಫೇಲಾದ ಹುಡುಗ ಮಳೆಯಲ್ಲೇ ಓಡಿಹೋಗಿ ಎರಡು ಬೈಕು ತಂದು ಅದರ ದೀಪ ಹಾಕಿಸಿದ. ಒಳಗಿನಿಂದ ಯಾರೋ ಮಾತು ಎತ್ತಿಕೊಟ್ಟರು, ಮಗಳು ಮುಂದುವರಿಸಿದಳು. ಚಪ್ಪಾಳೆ ಬಿದ್ದಾಗ ನಾನು ಪಕ್ಕಕ್ಕೆ ತಿರುಗಿ ನೋಡಿದರೆ, ಅತ್ತೆಯವರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ, "ಸೀರೆ ಉಡಿಸಿದ್ದು ಸರಿಯಿರಲಿಲ್ಲ. ಮುಂದಿನ ಸಲ ನಾನು ಉಡಿಸ್ತೀನಿ" ಅಂದರು!

ನೀವೂ ಮಾಡಬಹುದು

ನಿಮ್ಮ ಊರಿನಲ್ಲೂ ಇಂಥದ್ದು ಶುರುಮಾಡುವ ಮನಸ್ಸಿದ್ದರೆ, ನನ್ನ ಅನುಭವದಿಂದ ನಾಲ್ಕು ಮಾತು:

1. ದೊಡ್ಡದಾಗಿ ಯೋಚಿಸಬೇಡಿ. ಖೋ-ಖೋಗೆ ಎರಡು ಕಂಬ ಸಾಕು, ನಾಟಕಕ್ಕೆ ಶಾಲೆಯ ಜಗಲಿ ಸಾಕು. ಕೇಳಿದರೆ ಮೇಷ್ಟರು ಇಲ್ಲ ಅನ್ನಲಾರರು.

2. ಬಂದ ಪ್ರತಿಯೊಂದು ಮಗುವಿಗೂ ಒಂದು ಕೆಲಸ ಕೊಡಿ. ಚುರುಕಿನವರನ್ನಷ್ಟೇ ಮುಂದೆ ತಂದರೆ ಉಳಿದವರು ಎರಡನೇ ದಿನಕ್ಕೇ ಮಾಯ. ಹಿಂದೆ ಸರಿದು ಕೂರುವ ಮಗುವಿಗೆ ಕೆಲಸ ಮೊದಲು ಕೊಡಿ.

3. ಹೆಣ್ಣುಮಕ್ಕಳು ಬರಬೇಕಾದರೆ ತಾಯಂದಿರು ಜೊತೆಗಿರಬೇಕು. ಹೊತ್ತಿಗೆ ಸರಿಯಾಗಿ ಮುಗಿಸಿ, ಮನೆಗೆ ಮುಟ್ಟಿಸುವ ಏರ್ಪಾಡು ಮಾಡಿ. ಹೋಗಬೇಡ ಅನ್ನುವ ಅಜ್ಜಿಯನ್ನೂ ಏನಾದರೂ ಕೆಲಸಕ್ಕೆ ಕರೆಯಿರಿ.

4. ಆಟ, ನಾಟಕ ಮುಗಿದ ದಿನವೇ ಮುಂದಿನ ವರ್ಷದ ದಿನ ಗೊತ್ತುಮಾಡಿ. ಲೆಕ್ಕವನ್ನು ಎಲ್ಲರೆದುರು ಓದಿ. ಊರ ಕೆಲಸಗಳು ಬಹಳ ಸಲ ಮುರಿಯುವುದು ಇಲ್ಲಿಯೇ.

ಈ ನಾಲ್ಕನೆಯದನ್ನು ನಾವು ಮಾಡಲಿಲ್ಲ. ಸಾಮಾನು ಬಾಡಿಗೆಯ ಹಣದ ವಿಷಯಕ್ಕೆ ಹುಡುಗರಲ್ಲಿ ಮಾತು ಬೆಳೆದು ಎರಡು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುರಿದೇ ಹೋಯಿತು ಅಂದುಕೊಂಡೆವು. ಕಡೆಗೆ ನಾವು ಐದಾರು ಜನ ಹೆಂಗಸರು ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ, ಚೀಟಿ ಚೀಟಿ ಲೆಕ್ಕ ಓದಿಸಿ, ಒಂದು ನೋಟ್‌ಬುಕ್ಕು ತೆರೆದೆವು. ಈಗ ಆ ನೋಟ್‌ಬುಕ್ಕು ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕ ಇದೆ. ಮುಂದಿನ ನಾಟಕದ ಹೆಸರುಗಳನ್ನು ಬರೆಸಲು ಮಕ್ಕಳು ಬರುತ್ತಿದ್ದಾರೆ. ಮೊನ್ನೆಗೆ ಇಪ್ಪತ್ತೆಂಟು ಆಯಿತು.

ಅಂದಹಾಗೆ, ಹುಡುಗಿಯರು ಖೋ-ಖೋ ತಂಡವನ್ನೂ ಮಾಡಿಕೊಂಡಿದ್ದಾರೆ. ಅಂಕಣ ಅಳೆಯುವುದು, ಕಂಬ ನೆಡುವುದು ಹೇಗೆಂದು ನನ್ನನ್ನೇ ಕೇಳಿದರು. ಹೋಗಿ ತೋರಿಸಿ ಬಂದೆ. ಒಂದು ಸುತ್ತು ಓಡಿಯೂ ಬಂದೆ, ಮನೆಯಲ್ಲಿ ಹೇಳಿಲ್ಲ. ನಿಮ್ಮ ಮಗಳೋ ಮಗನೋ ನಾಳೆ ಬಾಗಿಲ ಸಂದಿಯಲ್ಲಿ ನಿಂತು ನಿಮ್ಮ ಮುಖ ನೋಡಿದರೆ, "ಬೇಡ" ಅನ್ನುವ ಮೊದಲು ಒಂದು ಗಳಿಗೆ ತಡೆಯಿರಿ, ಸೋದರಿಯರೇ.