ಪಾಡ್‌ಕಾಸ್ಟ್ ಪಠ್ಯ: ಕೂಟದ ರೈತರು ಜಾನ್ ಲಾಕ್‌ನನ್ನು ಓದಿರಲಿಲ್ಲ

ಹೋದ ಸಂಚಿಕೆಯಲ್ಲಿ ಯುರೋಪಿನ ಜ್ಞಾನೋದಯ ಯುಗದ ಚಿಂತಕರ ಬಗ್ಗೆ ಮಾತಾಡಿದ್ದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರಕ್ಕೂ ಇದಕ್ಕೂ ಏನ್ರೀ ಸಂಬಂಧ ಅಂತ ಕೆಲವರು ಕೇಳಿದ್ರಿ. ಸಂಬಂಧ ಇದೆ. ಸ್ವಲ್ಪ ಕಹಿಯಾಗೇ ಇದೆ.

ಲಾಕ್ 1689ರಲ್ಲಿ ಹೇಳಿದ್ದು ಇಷ್ಟು: ಸರ್ಕಾರ ನಿಲ್ಲೋದು ಜನರ ಒಪ್ಪಿಗೆಯ ಮೇಲೆ. ಜನರ ಜೀವ, ಸ್ವಾತಂತ್ರ್ಯ, ಆಸ್ತಿ ಕಾಯಬೇಕಾದವರೇ ಕಿತ್ತುಕೊಂಡರೆ ಜನ ಎದುರು ನಿಲ್ಲಬಹುದು. ಕಾನೂನು ಮಾಡುವ, ಜಾರಿ ಮಾಡುವ, ತೀರ್ಪು ಕೊಡುವ ಅಧಿಕಾರ ಒಂದೇ ಕೈಯಲ್ಲಿ ಇರಬಾರದು ಅಂತ 1748ರಲ್ಲಿ ಮಾಂಟೆಸ್ಕ್ಯೂ ಸೇರಿಸಿದ.

ಈಗ 1830ರ ಮೈಸೂರು ಸಂಸ್ಥಾನಕ್ಕೆ ಬನ್ನಿ. ಆಗ 'ಶರತ್ತು' ಪದ್ಧತಿ ಇತ್ತು. ಇಷ್ಟು ಕಂದಾಯ ಕಟ್ಟೇ ಕಟ್ತೀನಿ ಅಂತ ಅಮಲ್ದಾರ ಮೊದಲೇ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ಯಾರು ತುಂಬ್ತಾರೆ ಹೇಳಿ? ಹೊರೆ ರೈತನ ತಲೆಗೆ. ದೂರು ಕೊಡೋಣ ಅಂದ್ರೆ, ಕೇಳಬೇಕಾದವನೂ ಅದೇ ಅಮಲ್ದಾರ.

ನಗರ ಸೀಮೆಯ ರೈತರು 'ಕೂಟ' ಸೇರಿದರು. ಅಹವಾಲು ಕೇಳೋ ತನಕ ಕಂದಾಯ ಕಟ್ಟಲ್ಲ ಅಂದರು. ನಗರದ ಗದ್ದುಗೆ ತನ್ನದು ಅಂತ ಬೂದಿ ಬಸವಪ್ಪ ಬಂದ. ತರೀಕೆರೆಯ ಪಾಳೆಯಗಾರ ಮನೆತನವೂ ದಂಗೆಗೆ ಇಳಿಯಿತು. ಇವರಿಗೆ ಬೇಕಿದ್ದದ್ದು ಹೋದ ಅಧಿಕಾರ, ಹಕ್ಕಿನ ತತ್ವ ಅಲ್ಲ. ಅದನ್ನ ಮುಚ್ಚಿಡೋದು ಬೇಡ. ಆದರೆ ಕೂಟದ ರೈತರು ಮಾಡಿದ್ದು, ಲಾಕ್ ಹೆಸರೇ ಕೇಳದೆ, ಲಾಕ್ ಹೇಳಿದ್ದನ್ನೇ.

ಕಂಪನಿ ಸೈನ್ಯ ಬಂತು, ದಂಗೆ ಅಡಗಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ದುರಾಡಳಿತದ ಕಾರಣ ಕೊಟ್ಟು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡ. ಕಂಪನಿಯ ಲಂಡನ್ ಕಚೇರಿಯಲ್ಲಿ ಆಗ ನೌಕರಿಯಲ್ಲಿದ್ದವರು ಯಾರು ಗೊತ್ತಾ? ಜೇಮ್ಸ್ ಮಿಲ್, ಮತ್ತವನ ಮಗ ಜಾನ್ ಸ್ಟುವರ್ಟ್ ಮಿಲ್. ವಿಚಾರ, ಸುಧಾರಣೆ ಅಂತಿದ್ದ ಅದೇ ಪರಂಪರೆಯವರು. ಮಗ 1859ರಲ್ಲಿ ಸ್ವಾತಂತ್ರ್ಯದ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಹಿಂದುಳಿದ ಸಮಾಜಗಳಿಗೆ ಇದು ಅನ್ವಯಿಸಲ್ಲ ಅಂತ ಅದರಲ್ಲೇ ಬರೆದ. ನನಗೆ ಕಹಿ ಅನ್ನಿಸೋದು ಇಲ್ಲೇ. ರೈತರ ದೂರನ್ನು ಕಾರಣ ಮಾಡಿಕೊಂಡರು, ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಬ್ರಿಟಿಷ್ ಕಮಿಷನರ್ ಆಳ್ವಿಕೆ 50 ವರ್ಷ ನಡೆಯಿತು. ಇಂದಿನ ಚಿಕ್ಕಮಗಳೂರು ಜಿಲ್ಲೆ 'ಕಡೂರು ಜಿಲ್ಲೆ' ಅಂತ ಹುಟ್ಟಿದ್ದು ಆಗಲೇ, 1863ರಲ್ಲಿ. ಕಂದಾಯ, ನ್ಯಾಯ ಎರಡೂ ಬಹುಕಾಲ ಒಂದೇ ಅಧಿಕಾರಿಯ ಕೈಯಲ್ಲೇ ಉಳಿದವು. ಮಾಂಟೆಸ್ಕ್ಯೂ ಪುಸ್ತಕ ಕಪಾಟಿನಲ್ಲೇ ಇತ್ತು ಅನ್ನಿ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಮಂದಿ ಸೇರಿದರು. ಅಹವಾಲು ಹೇಳಬಹುದಿತ್ತು, ಅಷ್ಟೇ. ಹೊಸ ತೆರಿಗೆಗೆ ಮುಂಚೆ ಆ ಸಭೆಯನ್ನ ಕೇಳಬೇಕು ಅನ್ನೋದು ಕಾನೂನಿಗೆ ಬಂದದ್ದು 1923ರಲ್ಲಿ.