ಧೂಳು ಬೇಡಿದ ವಕೀಲರ ಶಾಲೆ

ಗೌರಿಬಿದನೂರು, ಚಿಂತಾಮಣಿ ಕಡೆಯ ನಮಗೆ ಧೂಳು ಹೊಸದಲ್ಲ. ಬಸ್ಸು ಹೋದ ಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೇ ಬೆಳೆದವರು. ಆ ಧೂಳು ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕ ಎಂದವರೊಬ್ಬರಿದ್ದರು ಎಂದು ಕೇಳಿ, ಅವರು ಕಟ್ಟಿದ ಶಾಲೆಯ ಜಾಡು ಹಿಡಿದು ಮಂಗಳೂರಿಗೆ ಹೋದೆ.

ಅವರು ಕುದ್ಮುಲ್ ರಂಗರಾವ್. 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದರು. ಮೊದಲು ಮೇಷ್ಟ್ರು, ಆಮೇಲೆ ವಕೀಲರು. ದಲಿತ ಮಕ್ಕಳನ್ನು ಊರಿನ ಶಾಲೆಗಳು ಹೊಸ್ತಿಲು ದಾಟಲು ಬಿಡದ ಕಾಲ. 1892ರಲ್ಲಿ ರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮಂಗಳೂರಿನದೇ ಶೇಡಿಗುಡ್ಡೆ ಅದರ ನೆಲೆಯಾಯಿತು. ಮಕ್ಕಳು ಅಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸವನ್ನೂ ಕಲಿತರು. ಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಪೈಸೆ. ಮಗು ಶಾಲೆಗೆ ಬಂದರೆ ಮನೆಯ ಕೂಲಿ ತಪ್ಪುತ್ತದೆ; ಹಸಿದ ಅಪ್ಪ ಅಮ್ಮನಿಗೆ ವಿದ್ಯೆಯ ಮಹಿಮೆ ಹೇಳಿ ಏನು ಫಲ? ರಾಯರು ಉಪದೇಶ ಮಾಡಲಿಲ್ಲ. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ನಮ್ಮ ಸರ್ಕಾರಿ ಶಾಲೆಗಳಿಗೆ ಬಿಸಿಯೂಟ ಬರಲು ಇನ್ನೂ ನೂರು ವರ್ಷ ಬೇಕಿತ್ತು.

ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್‌ಗೆ ಕೊಟ್ಟರು; ಅಳಿಯ ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದರು. 1928ರಲ್ಲಿ ರಾಯರು ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಾಯರ ಶಾಲೆಗೂ ಹೋಗಿದ್ದರು. ಇಂದು ಮಂಗಳೂರಿನ ಪುರಭವನಕ್ಕೆ ರಾಯರದೇ ಹೆಸರು.

ಅವರ ಆಸೆ ಇಷ್ಟೇ: ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು. ಮಂಗಳೂರಿನ ರಸ್ತೆಗಳಿಗೆ ಈಗ ಕಾಂಕ್ರೀಟು. ಕಾರುಗಳು ಧೂಳೆಬ್ಬಿಸದೆ ಹೋಗುತ್ತವೆ. ಅವುಗಳಲ್ಲಿ ರಾಯರು ಕಾದಿದ್ದ ಕಾರು ಯಾವುದೆಂದು ಯಾರು ಹೇಳಬೇಕು?

ರಾಯರ ಕಾಲದಲ್ಲಿ ನಮ್ಮ ಕಡೆಯ ಚಿಕ್ಕಬಳ್ಳಾಪುರ, ಶಿಡ್ಲಘಟ್ಟವೆಲ್ಲ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದವು. ಸಂಸ್ಥಾನದಲ್ಲೂ ದಲಿತ ಮಕ್ಕಳಿಗೆ ಬೇರೆಯೇ ಶಾಲೆಗಳಿದ್ದವು, 'ಪಂಚಮ ಶಾಲೆ' ಎಂಬ ಹೆಸರಿನಲ್ಲಿ. ಊರಿಗೆ ಮರಳಿದ ಮೇಲೆ ಹಿರಿಯರೊಬ್ಬರನ್ನು ಕೇಳಿದೆ, "ನಮ್ಮ ಕಡೆ ಪಂಚಮ ಶಾಲೆ ಎಲ್ಲಿತ್ತು, ತಾತ?"

"ಯಾವ ಶಾಲೆನಪ್ಪಾ?" ಅಂದರು.