ಹತ್ತು ಲಕ್ಷ ದ್ವೀಪ, ಒಂದು ಬಟನ್

ಹಾವೇರಿ ಜಿಲ್ಲೆಯ ವಿಸ್ತೀರ್ಣ 4,823 ಚದರ ಕಿಲೋಮೀಟರು. ಎರಾಂಗೆಲ್ ಎಂಬ ದ್ವೀಪದ್ದು 64. ಉದ್ದ ಎಂಟು, ಅಗಲ ಎಂಟು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಮೊದಲಾದ ತಾಲ್ಲೂಕುಗಳೆಲ್ಲ ಕೂಡಿದ ನಮ್ಮ ಜಿಲ್ಲೆಯಲ್ಲಿ ಅಂಥ 75 ದ್ವೀಪಗಳನ್ನು ಒಂದರ ಮಗ್ಗುಲಿಗೊಂದು ಕೂಡಿಸಬಹುದು. ಈ ದ್ವೀಪ ಯಾವ ಸಮುದ್ರದಲ್ಲೂ ಇಲ್ಲ, ಫೋನಿನೊಳಗಿದೆ. ಪಬ್‌ಜಿ ಎಂದು ಊರೂರಿಗೆ ಗೊತ್ತಿರುವ, ಈಗ ಬಿಜಿಎಂಐ ಎಂಬ ಹೆಸರಿನಲ್ಲಿ ನಡೆಯುವ ಆಟದ ಕಣ ಅದು. ಹಾನಗಲ್ಲಿನಲ್ಲಿರುವ ನನ್ನ ಅಕ್ಕನ ಮಗ ಡಿಗ್ರಿ ಕೊನೆಯ ವರ್ಷದಲ್ಲಿದ್ದಾನೆ. ಆ ದ್ವೀಪದ ಪೊಚಿಂಕಿ ಎಂಬ ಊರಿನ ಓಣಿಗಳು ಅವನಿಗೆ ಹಾನಗಲ್ಲಿನ ಪೇಟೆಯಷ್ಟೇ ಪರಿಚಯ.

ಬಿಜಿಎಂಐ ಶುರುವಾದದ್ದು 2021ರ ಜುಲೈ 2ರಂದು. ಒಂದು ವರ್ಷ ತುಂಬುವಷ್ಟರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು 10 ಕೋಟಿ ದಾಟಿದರು. ಒಂದು ಪಂದ್ಯಕ್ಕೆ 100 ಜನ. ಈ 10 ಕೋಟಿ ಜನ ಒಂದೇ ಹೊತ್ತಿಗೆ ಆಡಲು ಕೂತರೆಂದು ಇಟ್ಟುಕೊಳ್ಳಿ. 10 ಲಕ್ಷ ದ್ವೀಪ ಬೇಕು. ಅಷ್ಟು ನೆಲ 6 ಕೋಟಿ 40 ಲಕ್ಷ ಚದರ ಕಿಲೋಮೀಟರು. ಅಂದರೆ 19 ಭಾರತ. ಭೂಮಿಯ ಮೇಲಿರುವ ಒಟ್ಟು ಒಣನೆಲದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಈ ಲೆಕ್ಕವನ್ನು ನಾನು ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂರು ಸಲ ಮಾಡಿದೆ, ಎಲ್ಲಿಯೋ ಸೊನ್ನೆ ತಪ್ಪಿರಬೇಕು ಎಂದು. ತಪ್ಪಿರಲಿಲ್ಲ.

ಇನ್ನೊಂದು ಲೆಕ್ಕವಿದೆ. ಒಬ್ಬೊಬ್ಬರೇ ಆಡುವ ಪಂದ್ಯದಲ್ಲಿ ಕೊನೆಗೆ ಉಳಿಯುವವ ಒಬ್ಬ. 99 ಜನ ಬೀಳುತ್ತಾರೆ. ಆ 10 ಲಕ್ಷ ದ್ವೀಪಗಳಲ್ಲಿ ಸುಮಾರು ಅರ್ಧ ಗಂಟೆಯಲ್ಲಿ 9 ಕೋಟಿ 90 ಲಕ್ಷ ಸಾವು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಆಟದಲ್ಲಿ ಸತ್ತವರೆಲ್ಲ ಮರುಗಳಿಗೆ ಮತ್ತೆ ವಿಮಾನ ಹತ್ತಿ ಮತ್ತೆ ಪ್ಯಾರಾಚೂಟ್ ಬಿಚ್ಚುತ್ತಾರೆ.

ದೊಡ್ಡವರನ್ನು ಹೆದರಿಸಿದ್ದು ಈ ಸಾವು. 2020ರ ಸೆಪ್ಟೆಂಬರ್ 2ರಂದು ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಪಬ್‌ಜಿಯೂ ಇತ್ತು. ಕಾರಣ ದೇಶದ ಭದ್ರತೆ, ಆದರೆ ಎಷ್ಟೋ ಮನೆಗಳಲ್ಲಿ ಅವ್ವಂದಿರು ದೇವರಿಗೆ ಕಾಯಿ ಒಡೆಸುವಷ್ಟು ಸಮಾಧಾನಪಟ್ಟರು. ಮರಳಿ ಬಂದಾಗ ಆಟ ವೇಷ ಬದಲಿಸಿತ್ತು. ಚೆಲ್ಲುವ ರಕ್ತದ ಬಣ್ಣ ಹಸಿರು. ಹದಿನೆಂಟು ತುಂಬದವರು ತಂದೆತಾಯಿಯ ಫೋನ್ ನಂಬರು ಕೊಡಬೇಕು, ದಿನಕ್ಕೆ 3 ತಾಸು ಮಾತ್ರ ಆಡಬೇಕು.

ಇದರ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಅಳಿಯನನ್ನು ಕೇಳಿದೆ. ಅವನ ವಯಸ್ಸಿನವರನ್ನು ಯಾರೂ ಕೇಳದ ಪ್ರಶ್ನೆ ಅದು. ಬೈಯುವವರಿದ್ದಾರೆ, ಫೋನ್ ಕಸಿದುಕೊಳ್ಳುವವರಿದ್ದಾರೆ.

"ರಕ್ತ ಹಸರ ಆದ್ರ ಸಾಯಾಂವ ಸಾಯೂದಿಲ್ಲೇನು ಮಾಮಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಖರೇ ಹೇಳಲೇನು, ಅಲ್ಲಿ ಯಾರೂ ಸಾಯೂದೇ ಇಲ್ಲ. ನಾಕ್ ಆಗ್ತೇವಿ. ದೋಸ್ತ ಇದ್ರ ರಿವೈವ್ ಕೊಡ್ತಾನ. ಅದು ಹಾವು-ಏಣಿ ಆಟ ಇದ್ದಂಗ. ದೊಡ್ಡವ್ರ ಆಟ ಅದಲ್ಲ" ಅಂದ.

ಹಾಗಾದರೆ ದೊಡ್ಡವರ ಆಟ ಯಾವುದು?

ಈ ಪ್ರಶ್ನೆಗೆ ಅಮೆರಿಕದಲ್ಲಿ ಮೊದಲು ಉತ್ತರ ಹುಡುಕಿದ್ದು ಮೂವತ್ತು ವರ್ಷದ ಹಿಂದೆ. 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟ ಬಂತು. ಸೋತವನ ಬೆನ್ನುಮೂಳೆ ಕಿತ್ತು ಎತ್ತಿ ಹಿಡಿಯುವ ಆಟ. 1993ರ ಡಿಸೆಂಬರಿನಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿತು. 1994ರಲ್ಲಿ ಆಟಗಳಿಗೆ ವಯಸ್ಸಿನ ಚೀಟಿ ಅಂಟಿಸುವ ಮಂಡಳಿ ಹುಟ್ಟಿತು. 17 ತುಂಬಿದವರಿಗೆ ಎಂಬ ಚೀಟಿ ಆಗ ಬಂದದ್ದು. ಆ ಚೀಟಿ ಹೊತ್ತ ಆಟಗಳಲ್ಲೇ ಒಂದು, ಜಿಟಿಎ 5, 2013ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ಮೊದಲ ದಿನವೇ 80 ಕೋಟಿ ಡಾಲರಿನಷ್ಟು ಮಾರಾಟವಾಯಿತು. ಆಗಿನ ಬೆಲೆಯಲ್ಲಿ ಸುಮಾರು 5 ಸಾವಿರ ಕೋಟಿ ರೂಪಾಯಿ. ಮೂರು ದಿನಕ್ಕೆ 100 ಕೋಟಿ ಡಾಲರು. ಇಲ್ಲಿಯವರೆಗೆ ಹೋದ ಪ್ರತಿಗಳು 20 ಕೋಟಿಗೂ ಹೆಚ್ಚು. ದೊಡ್ಡವರಿಗೆಂದು ಚೀಟಿ ಅಂಟಿಸಿದ ಒಂದು ವಸ್ತುವನ್ನು ಕರ್ನಾಟಕದ ಜನಸಂಖ್ಯೆಯ ಮೂರು ಪಟ್ಟು ಸಲ ಜನ ಕೊಂಡರು.

ನಮ್ಮ ಕಡೆ ದೊಡ್ಡವರ ಕತೆಗೆ ಚೀಟಿ ಅಂಟಿಸುವ ರೂಢಿಯೇ ಇರಲಿಲ್ಲ. ಹಾನಗಲ್ಲ ವಿರಾಟನಗರವಾಗಿತ್ತು, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂಬುದು ಊರಿನ ನಂಬಿಕೆ. ಹಾಗಾಗಿ ಕೀಚಕ ವಧೆ ನಮಗೆ ಬೇರೆ ಊರಿನ ಕತೆಯಲ್ಲ. ಅದರಲ್ಲಿ ಏನಿದೆ ನೋಡಿ. ಅಧಿಕಾರದಲ್ಲಿರುವವನೊಬ್ಬ ಮನೆಗೆಲಸದ ಹೆಂಗಸಿನ ಮೇಲೆ ಕಣ್ಣು ಹಾಕುತ್ತಾನೆ. ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಧರ್ಮರಾಯ ನೋಡುತ್ತ ಕೂರುತ್ತಾನೆ. ರಾತ್ರಿ ಕತ್ತಲಲ್ಲಿ ಭೀಮ ಅವನ ಕೈಕಾಲು ತಲೆಗಳನ್ನು ಮೈಯೊಳಗೇ ತುರುಕಿ ಮಾಂಸದ ಮುದ್ದೆ ಮಾಡುತ್ತಾನೆ. ಆಮೇಲೆ ಅವನ ಬಂಧುಗಳಾದ ಉಪಕೀಚಕರನ್ನು ಬಡಿಯುತ್ತಾನೆ, ಮಹಾಭಾರತದ ಎಣಿಕೆಯಲ್ಲಿ 105 ಜನ. ಎರಾಂಗೆಲ್ಲಿನ ಒಂದು ಪಂದ್ಯದ 99ಕ್ಕಿಂತ ಆರು ಹೆಚ್ಚು. ಇದನ್ನು ದೊಡ್ಡಾಟದಲ್ಲಿ ಬೆಳತನಕ ನೋಡಿದವರು ಅವ್ವನ ತೊಡೆಯ ಮೇಲೆ ಮಲಗಿದ ಮಕ್ಕಳು. ನಾನೂ ನೋಡಿದ್ದೇನೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಸುಮಾರು 1200ರ ಹೊತ್ತಿನ ಶಾಸನವಿದೆ. ಏಕಾಂತದ ರಾಮಯ್ಯ ತನ್ನ ತಲೆಯನ್ನು ತಾನೇ ಕತ್ತರಿಸಿ ಶಿವನ ಮುಂದಿಟ್ಟು, ಏಳು ದಿನದ ಮೇಲೆ ಮರಳಿ ಪಡೆದ ಕತೆ ಅದರಲ್ಲಿದೆ. ಗುಡಿಗೆ ಬಂದವರೆಲ್ಲ ಕೇಳಿಕೊಂಡು ಬಂದ ಕತೆ. ಎಂಟುನೂರು ವರ್ಷ ಯಾರೂ ಮಕ್ಕಳ ಕಿವಿ ಮುಚ್ಚಿಲ್ಲ.

ಆದರೂ ಒಂದು ವ್ಯತ್ಯಾಸವಿದೆ, ಅದು ನನಗೆ ತಡವಾಗಿ ಹೊಳೆಯಿತು. ದೊಡ್ಡಾಟದಲ್ಲಿ ಕೀಚಕನನ್ನು ಕೊಲ್ಲುವವ ಭೀಮ. ನೋಡುವವನ ಕೈ ಖಾಲಿ. ಆಟದಲ್ಲಿ ಆಡುವವನ ಬೆರಳು ಒತ್ತದೆ ಯಾವುದೂ ನಡೆಯುವುದಿಲ್ಲ.

ಹಾಗೆ ಬೆರಳಿಗೆ ಅಧಿಕಾರ ಕೊಟ್ಟಾಗ ಜನ ಏನು ಮಾಡುತ್ತಾರೆ? ಇದಕ್ಕೊಂದು ಸಂಖ್ಯೆ ಸಿಕ್ಕಿದೆ. ಮಾಸ್ ಎಫೆಕ್ಟ್ ಎಂಬ ಮೂರು ಆಟಗಳ ಮಾಲೆ 2007ರಿಂದ 2012ರವರೆಗೆ ಬಂತು. ಅದೂ ದೊಡ್ಡವರ ಚೀಟಿಯದು. ಹೆಜ್ಜೆಹೆಜ್ಜೆಗೆ ಎರಡು ದಾರಿ ಇರುತ್ತವೆ. ಒಂದು ಸೈರಣೆಯ ದಾರಿ, ಒಂದು ನಿರ್ದಯದ ದಾರಿ. ನಿರ್ದಯದ ದಾರಿಗೂ ಕಂಪನಿ ಬಹಳ ಶ್ರಮ ಹಾಕಿತ್ತು. ಅಲ್ಲಿ ಕೆಲಸ ಮಾಡಿದ್ದ ಜಾನ್ ಎಬೆಂಗರ್ 2020ರಲ್ಲಿ ಹೇಳಿದ ಪ್ರಕಾರ ಆಡಿದವರಲ್ಲಿ ಹತ್ತಿರ ಹತ್ತಿರ ನೂರಕ್ಕೆ 92 ಮಂದಿ ಸೈರಣೆಯ ದಾರಿ ಹಿಡಿದರು. ಯಾರೂ ನೋಡುತ್ತಿಲ್ಲ, ಶಿಕ್ಷೆಯಿಲ್ಲ, ಕೊಂದರೆ ಸಾಯುವವರೂ ಇಲ್ಲ. ಆದರೂ 92. ಈ ಲೇಖನದಲ್ಲಿ ಬರುವ ಕೋಟಿಗಳಿಗಿಂತ ಈ ಸಣ್ಣ ಸಂಖ್ಯೆ ನನ್ನನ್ನು ಹೆಚ್ಚು ಬೆರಗುಗೊಳಿಸಿದೆ.

2019ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ 1,004 ಮಕ್ಕಳನ್ನೂ ಅಷ್ಟೇ ಪಾಲಕರನ್ನೂ ವಿಚಾರಿಸಿ, ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಸಿಡುಕುತನಕ್ಕೂ ಸಂಬಂಧ ಕಾಣಲಿಲ್ಲ ಎಂದು ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮೊಬೈಲ್ ಆಟಕ್ಕೆ ಅಡ್ಡ ಬಂದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂತು. ಎರಡನ್ನೂ ಎದುರಿಗಿಟ್ಟುಕೊಂಡೇ ಮಾತಾಡಬೇಕು. ಬಿಡಲಾಗದ ಚಟ ಬೇರೆ, ಕತೆಯ ವಸ್ತು ಬೇರೆ. ಚಟಕ್ಕೆ ಚಿಕಿತ್ಸೆ ಬೇಕು, ಅದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಣ ಕಟ್ಟಿ ಆಡುವುದಂತೂ ಮತ್ತೂ ಬೇರೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳನ ಕತೆಯನ್ನು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರೇ ಬರೆದಿದ್ದಾರೆ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಅಂಥ ಆಟಗಳ ಬಾಗಿಲು ಹಾಕಿತು.

ಅಳಿಯ ತಾನು ಆಡಿದ ಒಂದು ದೊಡ್ಡವರ ಆಟವನ್ನು ಫೋನಿನಲ್ಲಿ ತೋರಿಸಿದ. ಹೆಸರು ದಿಸ್ ವಾರ್ ಆಫ್ ಮೈನ್. 2014ರಲ್ಲಿ ಪೋಲೆಂಡಿನವರು ಮಾಡಿದ್ದು. ಯುದ್ಧದ ಆಟವೇ, ಆದರೆ ಇಲ್ಲಿ ನೀವು ಸೈನಿಕರಲ್ಲ. ಮುತ್ತಿಗೆಗೆ ಸಿಕ್ಕ ಊರಿನಲ್ಲಿ ಒಡೆದ ಮನೆಯೊಂದರಲ್ಲಿ ಉಳಿದ ಮೂರ್ನಾಲ್ಕು ಜನ. ಅನ್ನವಿಲ್ಲ, ಔಷಧವಿಲ್ಲ. ಹಿಂದೆ ಇರುವ ನಿಜವಾದ ಊರು ಬೋಸ್ನಿಯಾದ ಸರಾಯೆವೊ, ಮುತ್ತಿಗೆ ನಡೆದದ್ದು 1992ರಿಂದ 1996ರವರೆಗೆ 1,425 ದಿನ. ಮುತ್ತಿಗೆ ಶುರುವಾಗಿ ಇಪ್ಪತ್ತು ವರ್ಷ ತುಂಬಿದಾಗ ಆ ಊರಿನ ಮುಖ್ಯ ಬೀದಿಯಲ್ಲಿ ಸತ್ತವರ ನೆನಪಿಗೆ ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. 11,541 ಖಾಲಿ ಕುರ್ಚಿಗಳು. ನನ್ನ ನೋಟ್‌ಬುಕ್ಕಿನ 9 ಕೋಟಿ 90 ಲಕ್ಷ ಆ ಕುರ್ಚಿಗಳ ಪಕ್ಕದಲ್ಲಿ ಬರೀ ಅಂಕಿಯಾಗಿ ಉಳಿಯಿತು. 2020ರಲ್ಲಿ ಪೋಲೆಂಡ್ ಸರಕಾರ ಈ ಆಟವನ್ನು ಶಾಲೆಯ ಓದಿನ ಪಟ್ಟಿಗೇ ಸೇರಿಸಿತು.

ಆ ಆಟದಲ್ಲಿ ಮುದುಕ ಮುದುಕಿಯ ಮನೆಯೊಂದು ಬರುತ್ತದೆ. ಅವರ ಹತ್ತಿರ ಊಟವಿದೆ, ಔಷಧವಿದೆ, ತಡೆಯುವ ಶಕ್ತಿಯಿಲ್ಲ. "ನಾ ತಗೊಂಡೆ ಮಾಮಾ. ನಮ್ಮ ಮನ್ಯಾಗೊಬ್ಬ ಜ್ವರ ಬಂದು ಮಲಗಿದ್ದ. ತಗೊಂಡು ಬಂದೆ. ಆಮ್ಯಾಲೆ ಒಬ್ಬರೂ ಸರಿ ಇರಲಿಲ್ಲ, ತಲಿ ತಗ್ಗಿಸಿ ಕೂತುಬಿಟ್ರು. ಎರಡ ದಿನ ನಾ ಆಟ ಮುಟ್ಟಲಿಲ್ಲ." ಪಬ್‌ಜಿಯಲ್ಲಿ ಸಾವಿರಗಟ್ಟಲೆ ಜನರನ್ನು ಉರುಳಿಸಿದ ಹುಡುಗ, ಇಲ್ಲದ ಇಬ್ಬರು ಮುದುಕರ ಗಂಜಿ ಕದ್ದದ್ದಕ್ಕೆ ಎರಡು ದಿನ ಆಟ ಮುಟ್ಟಲಿಲ್ಲ. ಎಷ್ಟು ಜನ ಸತ್ತರು ಎಂಬುದರಿಂದ ದೊಡ್ಡವರ ಆಟವನ್ನು ಗುರುತಿಸಲು ಬರುವುದಿಲ್ಲ ಎಂದು ಅವನು ತನ್ನ ಮಾತಿನಲ್ಲಿ ಹೇಳುತ್ತಿದ್ದ.

ದೀಪಾವಳಿಗೆ ಅಕ್ಕನ ಹಿರಿಯ ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ದೀಪಾವಳಿಯೆಂದರೆ ನಮ್ಮ ಕಡೆ ಹೋರಿ ಹಬ್ಬ. ಕೊರಳು ತುಂಬ ಕೊಬ್ಬರಿ ಕಟ್ಟಿಸಿಕೊಂಡ ಹೋರಿಗಳು ಜನದ ನಡುವೆ ಸಿಡಿದು ಓಡುವ, ಪಡ್ಡೆ ಹುಡುಗರು ಕೊಬ್ಬರಿ ಹರಿಯಲು ಅವುಗಳ ಮೇಲೆ ಬೀಳುವ ಹಬ್ಬ. ನಿಜವಾದ ಕೊಂಬು, ನಿಜವಾದ ರಕ್ತ. ಅದು ಮುಗಿದು ಊರು ಸುಸ್ತಾಗಿ ಮಲಗಿದ ಮಧ್ಯಾಹ್ನ ಅಣ್ಣತಮ್ಮಂದಿರು ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿಕೊಂಡು ಕೂತರು.

2018ರ ಅಕ್ಟೋಬರಿನ ಆಟ ಇದು. ಇದರಲ್ಲಿ 5 ಲಕ್ಷ ಸಾಲು ಸಂಭಾಷಣೆ ಇದೆ ಎಂದು ಇದರ ಬರಹಗಾರ ಡ್ಯಾನ್ ಹೌಸರ್ ಹೇಳಿದ್ದಾರೆ. ನಟರು 1,200. ಪಾತ್ರಗಳ, ಪ್ರಾಣಿಗಳ ಚಲನೆಯ ತುಣುಕುಗಳು 3 ಲಕ್ಷ. ಮುಖ್ಯ ಕತೆಯ ಹಸ್ತಪ್ರತಿಯೇ ಸುಮಾರು 2,000 ಪುಟ. ಕುಮಾರವ್ಯಾಸನ ಭಾರತ ಎಂಟು ಸಾವಿರಕ್ಕೂ ಮಿಕ್ಕಿದ ಷಟ್ಪದಿ, ಸಾಲಿನ ಲೆಕ್ಕದಲ್ಲಿ ಸುಮಾರು 50 ಸಾವಿರ. ಅದರ ಹತ್ತು ಪಟ್ಟು ಈ ಆಟದಲ್ಲಿ ಜನ ಮಾತಾಡುತ್ತಾರೆ. ಸಾಲಿಗೆ ಸಾಲು ತೂಗಬಾರದು ಎಂದು ಗೊತ್ತು, ಗದುಗಿನ ಭಾರತದ ಒಂದು ಸಾಲಿಗೆ ಇಲ್ಲಿನ ಸಾವಿರ ಸಾಲು ಸಮವಾಗಲಿಕ್ಕಿಲ್ಲ. ಆದರೂ ಒಂದು ಆಟಕ್ಕೆ ಇಷ್ಟು ಮಾತು ಬೇಕಾಯಿತು ಎಂಬುದೇ ನನಗೆ ಮುಖ್ಯ. ಕೊಲ್ಲುವುದಕ್ಕೆ ಇಷ್ಟು ಮಾತು ಬೇಕಿಲ್ಲ. ಎರಾಂಗೆಲ್ಲಿನಲ್ಲಿ ಮಾತೇ ಇಲ್ಲ.

ಇದನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಶಿಗ್ಗಾವಿ ಮಗ್ಗುಲಲ್ಲಿ ಹಾಯ್ದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಬೆಂಗಳೂರು ಮುಟ್ಟಿದರೆ ರಾಕ್‌ಸ್ಟಾರ್ ಇಂಡಿಯಾ ಸಿಗುತ್ತದೆ. ಈ ಆಟದ ಕೆಲಸದಲ್ಲಿ ಕೈ ಹಚ್ಚಿದ ಸ್ಟುಡಿಯೋ ಅದು. ಹಾವೇರಿ ಜಿಲ್ಲೆಯಾದ 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ, ದೇಶದಲ್ಲೇ ಮೊದಲಿನದೆನ್ನುವ ಆಟದ ಕಂಪನಿ ಹುಟ್ಟಿತ್ತು. 2019ರಲ್ಲಿ ಅದೂ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿತು.

ಆಟದ ನಾಯಕ ಆರ್ಥರ್ ಮಾರ್ಗನ್. 1899ರ ಅಮೆರಿಕದ ದರೋಡೆಕೋರ. ಅವನ ಗುಂಪಿನಲ್ಲೊಬ್ಬ ಬಡವರಿಗೆ ಸಾಲ ಕೊಡುತ್ತಾನೆ, ವಸೂಲಿಗೆ ಹೋಗುವವ ಆರ್ಥರ್. ಥಾಮಸ್ ಡೌನ್ಸ್ ಎಂಬ ಬಡ ಒಕ್ಕಲಿಗನ ಅಂಗಳಕ್ಕೆ ಹೋಗುತ್ತಾನೆ. ಒಕ್ಕಲಿಗ ಕೆಮ್ಮುತ್ತಿದ್ದಾನೆ. ಹೆಂಡತಿ, ಮಗ ಎದುರಿಗೆ ಬರುತ್ತಾರೆ. ಹೊಡೆಯುವಾಗ ಅವನು ಕೆಮ್ಮಿದ ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಅದು ಕ್ಷಯದ ರಕ್ತ. ಮುಂದಿನ ಕತೆಯ ತುಂಬ ಆರ್ಥರ್ ಅದೇ ಕ್ಷಯದಿಂದ ಸವೆಯುತ್ತಾನೆ. ಇಲ್ಲಿ ರಕ್ತ ಕೆಂಪಾಗಿಯೇ ಇದೆ.

ಸಾಲದ ಅಂಗಳ ನಮ್ಮ ಜಿಲ್ಲೆಗೆ ಹೊಸದಲ್ಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳದೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದ್ದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು.

ನಾನು ಪಡಸಾಲೆಯಲ್ಲಿ ಕೂತು ಈ ಹುಡುಗರ ಹೆಗಲ ಮೇಲಿಂದ ನೋಡುತ್ತಿದ್ದೆ. ಆರ್ಥರ್ ಬೇಲಿ ದಾಟಿ ಒಕ್ಕಲಿಗನ ಅಂಗಿ ಹಿಡಿದ. ಕೀಲಿಮಣೆಯ ಮೇಲೆ ಸಣ್ಣವನ ಬೆರಳಿತ್ತು. ಅಕ್ಕ ಚಹಾದ ಬಟ್ಟಲು ತಂದವಳು ಪರದೆ ನೋಡಿ ನಿಂತಳು. ಅವಳೂ ಸಂಘದ ಕಂತು ಕಟ್ಟುವವಳು.

"ಯಾರೋ ಅಂವ? ಯಾಕ ಹೊಡಿಯಾಕತ್ತಾನ?"

"ಸಾಲ ವಸೂಲಿಗೆ ಬಂದಾನವ್ವಾ."

ಅಕ್ಕ ಬಟ್ಟಲು ಕೆಳಗಿಡಲಿಲ್ಲ. ಪರದೆಯ ಮೇಲಿನ ಕೆಮ್ಮುವ ಮನುಷ್ಯನನ್ನು ನೋಡಿದಳು, ಮಗನ ಕೈ ನೋಡಿದಳು.

"ಅಂವಾ ಬಂದಾನ, ಹೊಡಿಲಿ. ಮತ್ತ ನೀ ಯಾಕ ಹೊಡಸಾಕತ್ತಿ?"

ಅಳಿಯ ಬಟನ್ ಮೇಲಿಂದ ಬೆರಳು ತೆಗೆದ. ಅಣ್ಣ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಹೊರಗೆ ಯಾರದೋ ಹೋರಿಯ ಗೆಜ್ಜೆ ಸದ್ದು ಓಣಿ ದಾಟಿ ಹೋಯಿತು. ಅಕ್ಕ ಬಟ್ಟಲು ಹಿಡಿದು ಉತ್ತರಕ್ಕೆ ಕಾಯುತ್ತ ಇನ್ನೂ ಅಲ್ಲಿಯೇ ನಿಂತಿದ್ದಳು.